ಎಡಮೂಲೆಯ ಮಾಮಾನನ್ನು ರಾಣೆಬೆನ್ನೂರಿಗೆ ಬಿಟ್ಟುಕೊಟ್ಟ ವರ್ಷ

ನಾನು ಬ್ಯಾಡಗಿಯ ಕಬಡ್ಡಿ ತಂಡಕ್ಕೆ ಕಾರ್ಯದರ್ಶಿಯಾದದ್ದು ಆಟ ಗೊತ್ತಿತ್ತು ಎಂದಲ್ಲ, ಅಂಗಿ ಹೊಲಿಯುತ್ತಿದ್ದೆ ಎಂದು. ಸ್ಟೇಶನ್ ರಸ್ತೆಯಲ್ಲಿ ನನ್ನದೊಂದು ಟೇಲರ್ ಅಂಗಡಿ ಇತ್ತು. ತಂಡದವರ ಕೆಂಪು ಅಂಗಿ, ಚಡ್ಡಿ, ಬೆನ್ನಿನ ಮೇಲಿನ ನಂಬರು ಎಲ್ಲವನ್ನೂ ಎರಡು ವರ್ಷ ಹೊಲಿದುಕೊಟ್ಟೆ. ಮೂರನೇ ವರ್ಷ ಅಂಗಿಗಳನ್ನು ಒಯ್ಯಲು ಬಂದ ಅಧ್ಯಕ್ಷರು, “ಹೆಂಗೂ ಎಲ್ಲಾರೂ ನಿನ್ನ ಅಂಗಡಿಗೇ ಬರ್ತಾರ. ಕಾರ್ಯದರ್ಶಿ ನೀನ ಆಗಿಬಿಡು” ಎಂದರು. ನಾನು ಗುಂಡಿ ಹಚ್ಚುತ್ತಿದ್ದೆ. ಬಾಯಲ್ಲಿ ಸೂಜಿ ಇತ್ತು. ಬೇಡ ಎನ್ನಲು ಆಗಲಿಲ್ಲ.

ಅಧ್ಯಕ್ಷರದು ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ. ತಂಡಕ್ಕೆ ಆಟ ಕಲಿಸುತ್ತಿದ್ದವರು ನಿವೃತ್ತರಾದ ಒಬ್ಬ ಪಿ.ಟಿ. ಮಾಸ್ತರು. ಅವರಿಬ್ಬರ ನಡುವೆ ನಾನು. ಕಮಿಟಿ ಎಂದರೆ ಇಷ್ಟೇ.

ಆದರೆ ತಂಡ ಎಂದರೆ ಎಡಮೂಲೆ. ಎದುರಿನವನು ಉಸಿರು ಹಿಡಿದು ಕಬಡ್ಡಿ ಕಬಡ್ಡಿ ಎನ್ನುತ್ತ ಒಳಗೆ ನುಗ್ಗಿದಾಗ ಅವನ ಕಾಲು ಹಿಡಿದು ನಿಲ್ಲಿಸುವ ಕೆಲಸ ಮೂಲೆಯಲ್ಲಿ ನಿಂತವರದು. ನಮ್ಮ ಎಡಮೂಲೆಯಲ್ಲಿ ಹನ್ನೊಂದು ವರ್ಷದಿಂದ ನಿಂತಿದ್ದವರು ಅಧ್ಯಕ್ಷರ ಅಂಗಡಿಯಲ್ಲೇ ಹಮಾಲಿ ಮಾಡುತ್ತಿದ್ದ ಒಬ್ಬರು. ಊರಿನ ಹುಡುಗರಿಗೆಲ್ಲ ಅವರು ಮಾಮಾ. ಹುಡುಗರು ಕರೆದು ಕರೆದು ನನಗೂ ಮಾಮಾ ಆದರು, ಕೊನೆಗೆ ಅವರಿಗಿಂತ ಇಪ್ಪತ್ತೈದು ವರ್ಷ ದೊಡ್ಡವರಾದ ಪಿ.ಟಿ. ಮಾಸ್ತರಿಗೂ ಮಾಮಾ ಆದರು. ಮೂವತ್ತಾರು ವಯಸ್ಸು. ನಡಿಗೆ ನಿಧಾನ, ಮಾತು ಅದಕ್ಕಿಂತ ನಿಧಾನ. ಅಂಕಣದ ಮೂಲೆಯಲ್ಲಿ ಬಸ್ಸಿಗೆ ಕಾಯುವವರ ಹಾಗೆ ನಿಂತಿರುತ್ತಿದ್ದರು. ಎದುರಾಳಿ ಅವರನ್ನು ಮರೆತು ಅತ್ತ ತಿರುಗಿದ ಕ್ಷಣಕ್ಕೆ ಅವನ ಹಿಮ್ಮಡ ಇವರ ಎರಡು ಕೈಗಳ ನಡುವೆ ಇರುತ್ತಿತ್ತು. ದಿನಕ್ಕೆ ಇನ್ನೂರು ಚೀಲಕ್ಕೆ ಕೊಕ್ಕೆ ಹಾಕಿ ಎತ್ತುವ ಕೈ ಅದು. ಒಮ್ಮೆ ಹಿಡಿದರೆ ರೆಫರಿ ಎರಡು ಸಲ ಸೀಟಿ ಊದಿದ ಮೇಲೆಯೇ ಬಿಡುತ್ತಿದ್ದದ್ದು.

ಆ ವರ್ಷ ಡಿಸೆಂಬರಿನಲ್ಲಿ ಐರಣಿಯ ಪಂದ್ಯಾವಳಿಗೆ ಹೋಗಿದ್ದೆವು. ಹೊಳೆದಂಡೆಯ ಬಯಲು, ಒಳ್ಳೆಯ ಮಣ್ಣು. ಸೆಮಿಫೈನಲ್‌ನ ಕೊನೆಗೆ ಎದುರಾಳಿಯ ಹಿಮ್ಮಡ ಎಂದಿನಂತೆ ಮಾಮಾನ ಕೈಗೆ ಬಂತು. ಆದರೆ ಅದೇ ಹೊತ್ತಿಗೆ ಅವರ ಎಡ ಮೊಣಕಾಲು ಕಟಕ್ ಎಂದಿತು. ಹಿಮ್ಮಡ ಕೈ ಬಿಟ್ಟು ಹೋಯಿತು, ಪಂದ್ಯವೂ ಹೋಯಿತು. ಟೆಂಪೋದಲ್ಲಿ ವಾಪಸ್ಸು ಹೊರಟೆವು. ಮೋಟೆಬೆನ್ನೂರು ದಾಟಿದ ಮೇಲೆ ಅಧ್ಯಕ್ಷರು ಯಾರಿಗೂ ಎಂದಲ್ಲದೆ, “ಮುಂದಿನ ವಿಚಾರ ಮಾಡಬೇಕು” ಎಂದರು. ಮಾಮಾ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

ವಿಚಾರ ನಾವು ಮಾಡುವ ಮೊದಲೇ ರಾಣೆಬೆನ್ನೂರಿನವರು ಮಾಡಿದರು. ವಾರದೊಳಗೆ ನನ್ನ ಅಂಗಡಿಗೆ ಸಫಾರಿ ಹೊಲಿಸಲು ಒಬ್ಬ ದೊಡ್ಡ ಮನುಷ್ಯರು ಬಂದರು. ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರ, ಅಲ್ಲಿಯ ಕಬಡ್ಡಿ ತಂಡ ಅವರದೇ. ಅಲ್ಲಿ ಬೀದಿಗೆ ಮೂರು ಒಳ್ಳೆಯ ಟೇಲರ್ ಅಂಗಡಿ ಇರುವಾಗ ಇವರು ಬ್ಯಾಡಗಿಗೆ ಯಾಕೆ ಬಂದರು ಎಂದು ನಾನು ಯೋಚಿಸಬೇಕಿತ್ತು. ಬದಲಿಗೆ ಹೆಮ್ಮೆಯಿಂದ ಟೇಪು ತೆಗೆದು ಬಗ್ಗಿದೆ.

“ಮೊಣಕಾಲಿನ ಹತ್ರ ಎಷ್ಟು ಸಡ್ಲ ಇಡ್ಲಿರಿ?”

“ನಿಮ್ಮ ಎಡಮೂಲಿಯವನ ಮೊಣಕಾಲು ಹೆಂಗೈತ್ರಿ?”

ನಾನು ತಲೆ ಎತ್ತಿದೆ. “ಯಾವ ಮೊಣಕಾಲ್ರಿ?”

“ಐರಣಿಯೊಳಗ ಕಟಕ್ ಅಂತಲ್ಲ, ಅದು.”

“ಅದು ಬೆಂಚಿನ ಸಪ್ಪಳರಿ,” ಎಂದೆ. “ಸಫಾರಿ ಯಾವಾಗ ಬೇಕ್ರಿ?”

“ಅವಸರಿಲ್ಲ ಬಿಡ್ರಿ. ಆಗಾಗ ಬಂದು ಕೇಳ್ಕೊಂಡು ಹೋಗ್ತೇನಿ.”

ಆ ಒಂದು ಸಫಾರಿಗೆ ಅವರು ನಾಲ್ಕು ಸಲ ಬಂದರು. ಮೊದಲ ಸಲ ಬಿಟ್ಟರೆ ಉಳಿದ ಮೂರು ಸಲವೂ ನನ್ನ ಅಂಗಡಿಯಿಂದ ಮಾಮಾನ ಮನೆಯ ಕಡೆಗೇ ನಡೆದು ಹೋದರು ಎಂದು ನನಗೆ ಆಮೇಲೆ ತಿಳಿಯಿತು.

ಕಮಿಟಿ ಸೇರಿದ್ದು ಅಧ್ಯಕ್ಷರ ಅಂಗಡಿಯಲ್ಲಿ, ಮೆಣಸಿನಕಾಯಿ ಚೀಲಗಳ ನಡುವೆ. ಅಧ್ಯಕ್ಷರಿಗೆ ಹೊರಗಿನಿಂದ ಹೆಸರಾದ ಆಟಗಾರನೊಬ್ಬನನ್ನು ತರಬೇಕೆಂಬ ಆಸೆ. ಹಾವೇರಿಯಲ್ಲಿ ಅಂಥವನೊಬ್ಬ ಇದ್ದ. ಯಾವುದೋ ಆಫೀಸಿನ ತಂಡಕ್ಕೆ ಆಡುತ್ತಿದ್ದವನು ಅಲ್ಲಿ ಜಗಳಾಡಿ ಬಿಟ್ಟು ಬಂದಿದ್ದ. ಯಾರು ಕರೆದರೂ ಹೋಗಲು ಈಗ ಖಾಲಿ ಇದ್ದ. ಪಿ.ಟಿ. ಮಾಸ್ತರಿಗೆ ಇದು ಸರಿಬರಲಿಲ್ಲ. ಹಾವೇರಿಯಲ್ಲಿ ನಡೆದ ಆಯ್ಕೆಯ ಪಂದ್ಯಗಳಲ್ಲಿ ಅವರು ಅಗಡಿಯ ಹುಡುಗನೊಬ್ಬನನ್ನು ನೋಡಿಬಂದಿದ್ದರು. ಹತ್ತೊಂಬತ್ತು ವರ್ಷ, ಕಾಲೇಜು. ಎಳೆಯವನನ್ನು ತಂದು ತಿದ್ದಬೇಕು ಎನ್ನುವುದು ಅವರ ವಾದ.

“ಹೊಸಾ ಮಾಲು ತರೂಣು ಅಂತ ನಾನೂ ಅನ್ನಾಕತ್ತೇನಿ,” ಎಂದರು ಅಧ್ಯಕ್ಷರು.

“ಹೊಸಾ ಮಾಲು ಬ್ಯಾರೆ, ಹೊರಗಿನ ಮಾಲು ಬ್ಯಾರೆ,” ಎಂದರು ಮಾಸ್ತರು.

“ಮಾಮಾನ್ನ ಬಿಡೂದು ಬ್ಯಾಡ್ರಿ,” ಎಂದೆ ನಾನು.

ಇಬ್ಬರೂ ನನ್ನ ಕಡೆ ನೋಡಿದರು. ಅಧ್ಯಕ್ಷರು ಕೇಳಿದರು, “ಟೇಪ್ ಏನ್ ಹೇಳ್ತೈತಿ?”

ಟೇಪು ಮಾಮಾನ ಸೊಂಟ ಮೂವತ್ತಾರು ಎಂದು ಹೇಳಿತ್ತು. ನಾನು ಮೂವತ್ನಾಲ್ಕು ಎಂದೆ.

“ಹೋದ ವರ್ಷನೂ ಮೂವತ್ನಾಲ್ಕ ಅಂದಿದ್ದಿ,” ಎಂದರು ಮಾಸ್ತರು.

“ಹೌದ್ರಿ. ಮಾಮಾ ಒಂದ ಮಾತಿನ ಮನುಷ್ಯಾ ಅದಾನ.”

ಮಾಸ್ತರು ನಕ್ಕರು. ಅಧ್ಯಕ್ಷರು ನಗಲಿಲ್ಲ. ಕೊನೆಗೆ ಆದ ತೀರ್ಮಾನ ಮೂವರಿಗೂ ಸಮಾಧಾನವಾಗುವಂಥದ್ದು, ಅಂದರೆ ತೀರ್ಮಾನವೇ ಅಲ್ಲ. ಹಾವೇರಿಯವನನ್ನೂ ಕೇಳುವುದು, ಅಗಡಿಯ ಹುಡುಗನನ್ನೂ ನೋಡುವುದು, ಅಲ್ಲಿಯವರೆಗೆ ಮಾಮಾ ಬೇರೆ ಕಡೆ ಹೋಗದಂತೆ ನಾನು ನೋಡಿಕೊಳ್ಳುವುದು. “ಅವಗ ಆತು ಅನಬ್ಯಾಡ, ಇಲ್ಲ ಅನಬ್ಯಾಡ,” ಎಂದು ಅಧ್ಯಕ್ಷರು ನನಗೆ ಹೇಳಿಕೊಟ್ಟರು.

ಮಾಮಾನ ಮನೆಗೆ ಹೋದಾಗ ಅವರ ಹೆಂಡತಿ, ನಾವೆಲ್ಲ ಭಾಭಿ ಎನ್ನುತ್ತಿದ್ದವರು, ಅಂಗಳದಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದರು. ಸೀಜನ್ನಿನಲ್ಲಿ ಊರಿನ ಅರ್ಧ ಹೆಂಗಸರ ಕೆಲಸ ಅದು. ಬೆರಳು ಒಂದು ಗಳಿಗೆ ನಿಲ್ಲುವುದಿಲ್ಲ, ಮಾತೂ ನಿಲ್ಲುವುದಿಲ್ಲ. ಮಾಮಾ ಗೋಡೆಗೆ ಒರಗಿ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದವರು ನನ್ನನ್ನು ಕಂಡು ಲುಂಗಿ ಇಳಿಬಿಟ್ಟರು. ನಾನು ಚಳಿಯ ವಿಷಯ ತೆಗೆದೆ, ರೈಲಿನ ವೇಳೆಯ ವಿಷಯ ತೆಗೆದೆ.

“ಭಾಯಿ, ಸುತ್ತಿ ಬಳಸಿ ಬರಬ್ಯಾಡ್ರಿ,” ಎಂದರು ಭಾಭಿ. “ಅಧ್ಯಕ್ಷರು ಕಳಿಸ್ಯಾರೋ, ನೀವ ಬಂದೀರೋ?”

“ಎರಡೂ ಅನ್ರಿ.”

“ಎರಡೂ ಅಂದ್ರ ನೀವ ಬಂದೀರಿ ಅಂತಾತು. ಕುಂದ್ರಿ. ರಾಣೆಬೆನ್ನೂರವರು ಆಗಲೇ ಬಂದು ಹೋಗ್ಯಾರ, ನಿಮಗ ಗೊತ್ತಿರಲಿ ಅಂತ ಹೇಳಾಕತ್ತೇನಿ.”

ನನ್ನ ಕೈಗೆ ಚಹಾದ ಕಪ್ಪು ಬಂತು. ಜೊತೆಗೆ ಷರತ್ತುಗಳೂ ಬಂದವು.

“ಸೀಜನ್ ಮುಗಿಯೂತನಕ ಇವರಿಗೆ ಚೀಲ ಹೊರಸಬ್ಯಾಡ್ರಿ, ತೂಕಕ್ಕ ನಿಂದ್ರಸ್ರಿ. ಹಗಲೆಲ್ಲಾ ಚೀಲ ಹೊತ್ತು ಸಂಜಿಕೆ ಮಂದಿ ಕಾಲು ಹಿಡಿ ಅಂದ್ರ ಮೊಣಕಾಲರ ಏನ್ ಮಾಡಬೇಕು? ಹಾವೇರ್ಯಾಗ ಎಲುಬಿನ ಡಾಕ್ಟರ್ ಅದಾರಂತ. ಅವರ ಕಡೆ ಒಮ್ಮೆ ತೋರಸ್ರಿ.”

“ಆಗ್ಲಿ ಭಾಭಿ. ಹೇಳ್ತೀನಿ.”

“ಇನ್ನೊಂದೈತಿ. ಅಧ್ಯಕ್ಷರು ತಾವ ಬಂದು ಕೇಳಬೇಕು. ಈ ಚಾಪಿ ಮ್ಯಾಲೆ ಕುಂತು, ಚಹಾ ಕುಡದು, ನಮ್ಮ ತಂಡಕ್ಕ ಆಡಪಾ ಅಂತ ಕೇಳಬೇಕು.”

ಇಲ್ಲಿಯವರೆಗೆ ಸುಮ್ಮನಿದ್ದ ಮಾಮಾ ಬಾಯಿ ತೆಗೆದರು. “ಅವರ ಯಾಕ ಬರಬೇಕು? ದಿನಾ ಅಂಗಡ್ಯಾಗ ಸಿಗ್ತೇನಲ್ಲ.”

“ನೀವು ಸುಮ್ಕಿರ್ರಿ. ಅಂಗಡ್ಯಾಗ ಸಿಗಾವ ಹಮಾಲ. ನಾ ಎಡಮೂಲಿ ವಿಷಯ ಮಾತಾಡಾಕತ್ತೇನಿ.”

ನಾನು ಅದೇ ಮಾತನ್ನು ಅಧ್ಯಕ್ಷರಿಗೆ ಮುಟ್ಟಿಸಿದೆ. ತೂಕಕ್ಕೆ ನಿಲ್ಲಿಸುವುದಕ್ಕೆ ತಕ್ಷಣ ಒಪ್ಪಿದರು. ಡಾಕ್ಟರಿಗೂ ಒಪ್ಪಿದರು. ಮೂರನೆಯದಕ್ಕೆ ಬಂದಾಗ ಮೂಗು ತಿಕ್ಕಿಕೊಂಡರು. “ಗುರುವಾರದ ಸಂತಿ ಮುಗೀಲಿ,” ಎಂದರು. ಗುರುವಾರ ಕೇಳಿದರೆ ಸೋಮವಾರದ ಸಂತೆ ಎಂದರು. ಆಗ ನನಗೆ ಸಿಟ್ಟು ಬಂದಿತ್ತು, ದೊಡ್ಡಸ್ತಿಕೆ ಎಂದುಕೊಂಡೆ. ನಿಜವಾಗಿ ಅವರಿಗೆ ನಾಚಿಕೆ. ಹದಿನೈದು ವರ್ಷದಿಂದ ‘ಆ ಚೀಲ ಇಳಸು, ಈ ಚೀಲ ಏರಸು’ ಎನ್ನುವುದನ್ನು ಬಿಟ್ಟು ಮಾಮಾನ ಜೊತೆ ಬೇರೆ ಮಾತು ಆಡಿದವರಲ್ಲ. ಚಾಪೆಯ ಮೇಲೆ ಕೂತು ಏನು ಮಾತಾಡಬೇಕು ಎನ್ನುವುದೇ ಅವರಿಗೆ ತಿಳಿಯುತ್ತಿರಲಿಲ್ಲ.

ಹಾವೇರಿಗೆ ಹೋಗಲು ಮಾತ್ರ ಸಂತೆ ಅಡ್ಡ ಬರಲಿಲ್ಲ. ಒಂದು ಮಂಗಳವಾರ ಮೂವರೂ ಅಧ್ಯಕ್ಷರ ಜೀಪಿನಲ್ಲಿ ಹೋದೆವು. ಹೆಸರಾದ ಆಟಗಾರ ಕೋರ್ಟಿನ ಹತ್ತಿರದ ಖಾನಾವಳಿಗೆ ಬರಹೇಳಿದ್ದ. ನಾವು ಹೋದಾಗ ಆಗಲೇ ಊಟಕ್ಕೆ ಕೂತಿದ್ದ. ಆಳು ಭರ್ಜರಿಯಾಗಿದ್ದ, ಅದರಲ್ಲಿ ಎರಡು ಮಾತಿಲ್ಲ. ಭುಜ ನೋಡಿಯೇ ನಾನು ಮನಸ್ಸಿನಲ್ಲಿ ಮೀಟರ್ ಲೆಕ್ಕ ಹಾಕಿದೆ.

“ಈಗ ನಾ ಯಾರವನೂ ಅಲ್ರಿ,” ಎಂದು ರೊಟ್ಟಿ ಮುರಿಯುತ್ತ ಹೇಳಿದ. “ಕರದವರವನು.”

ಆ ಮಾತಿಗೇ ಅಧ್ಯಕ್ಷರು ಅರ್ಧ ಸೋತರು. ಉಳಿದರ್ಧ ಅವನ ಷರತ್ತು ಕೇಳಿ ಸೋತರು, ಯಾಕೆಂದರೆ ಇಷ್ಟು ಷರತ್ತು ಹಾಕುವವನು ದೊಡ್ಡ ಆಟಗಾರನೇ ಇರಬೇಕು. ಕರೆದೊಯ್ಯಲು ಜೀಪು ಬರಬೇಕು. ಇಳಿಯಲು ಲಾಡ್ಜಿನಲ್ಲಿ ರೂಮು ಬೇಕು. ತಂಡದ ಜೊತೆ ಪ್ರ್ಯಾಕ್ಟೀಸ್ ಮಾಡುವುದಿಲ್ಲ.

“ಅದ್ಯಾಕಪಾ?” ಎಂದರು ಮಾಸ್ತರು.

“ಪ್ರ್ಯಾಕ್ಟೀಸ್ ಮಾಡಿದ್ರ ನನ್ನ ಆಟ ಮಂದಿಗೆ ತಿಳೀತೈತ್ರಿ.”

ಇನ್ನೊಂದು, ನಮ್ಮೂರಿನ ಪಂದ್ಯಾವಳಿಗೆ ಅವನಿಗೆ ಬಿಡುವಿದ್ದದ್ದು ಫೆಬ್ರವರಿಯ ಒಂದು ರವಿವಾರ ಮಾತ್ರ. ನಾವು ಪ್ರತಿವರ್ಷ ಪಂದ್ಯ ಇಡುತ್ತಿದ್ದದ್ದು ಮೇ ತಿಂಗಳಲ್ಲಿ, ಮೆಣಸಿನಕಾಯಿ ಸೀಜನ್ನು ಪೂರ್ತಿ ಮುಗಿದ ಮೇಲೆ. ಮಾಸ್ತರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಧ್ಯಕ್ಷರು, “ಫೆಬ್ರವರಿ ಅಂದ್ರ ಊರತುಂಬ ಮಂದಿ ಇರ್ತಾರ, ಚಲೋನ ಆತು” ಎಂದು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿಸಿದರು. ಅದು ಒಂಬತ್ತನೆಯದು.

ಬರುವಾಗ ಅಗಡಿಗೆ ಹೋದೆವು. ಹುಡುಗ ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದ. ಬಿದಿರುಗಳದಂತೆ ಉದ್ದ, ಮಾತಿಲ್ಲ. ಅಧ್ಯಕ್ಷರಿಗೆ ಹಿಡಿಸಲಿಲ್ಲ. ಮಾಸ್ತರು ಪಂಚೆ ಎತ್ತಿ ಕಟ್ಟಿ ಬಣವೆಯ ಮುಂದೆ ನಿಂತು, “ನಾ ರೇಡ್ ಬಂದೇನಿ ಅಂತ ತಿಳ್ಕೊ. ನನ್ನ ಕಾಲು ಹಿಡಿ ನೋಡೂಣು,” ಎಂದರು. ಹುಡುಗ ತಾಯಿಯ ಕಡೆ ನೋಡಿದ. ತಾಯಿ ಹೂಂ ಎಂದರು. ಮುಂದೆ ಆದದ್ದು ನನಗೆ ಸರಿಯಾಗಿ ಕಾಣಲಿಲ್ಲ. ಕಂಡದ್ದು ಇಷ್ಟು, ಮಾಸ್ತರು ಬಣವೆಯ ಬುಡದಲ್ಲಿ ಅಂಗಾತ ಬಿದ್ದಿದ್ದರು. ಬಿದ್ದಲ್ಲಿಂದಲೇ “ಆಯ್ಕೆ ಆತು” ಎಂದರು.

ತಾಯಿ ಕೇಳಿದ್ದು ಒಂದೇ. “ಪರೀಕ್ಷಾ ಮುಗಿಯೂತನಕ ಕೈಕಾಲು ಈಗ ಹೆಂಗದಾವೋ ಹಂಗ ಇರಬೇಕ್ರಿ.” ಬೆನ್ನಿಗೆ ಹತ್ತಿದ ಹುಲ್ಲನ್ನು ಝಾಡಿಸಿಕೊಳ್ಳುತ್ತ ಮಾಸ್ತರು ಮಾತು ಕೊಟ್ಟರು.

ಇದೆಲ್ಲ ಆಗುವ ಹೊತ್ತಿಗೆ ಮೂರು ಗುರುವಾರ, ಮೂರು ಸೋಮವಾರ ಕಳೆದಿದ್ದವು. ನಾಲ್ಕನೆಯ ಗುರುವಾರ ಮಧ್ಯಾಹ್ನ ಮಾಮಾ ನನ್ನ ಅಂಗಡಿಗೆ ಬಂದರು. ಕಂಕುಳಲ್ಲಿ ಕಾಗದದ ಪೊಟ್ಟಣ. ಬಿಚ್ಚಿ ನನ್ನ ಮಶೀನಿನ ಮೇಲೆ ಇಟ್ಟರು. ಹಸಿರು ಅಂಗಿ. ರಾಣೆಬೆನ್ನೂರಿನದು.

“ಬಗಲಾಗ ಬಿಗೀ ಆಗೈತ್ರಿ ಟೇಲರ್ ಸಾಹೇಬ್ರ,” ಎಂದರು. “ಅಲ್ಲಿಯವರಿಗೆ ನನ್ನ ಅಳತಿ ಗೊತ್ತಿಲ್ಲ.”

ನಾನು ಅಂಗಿಯನ್ನು ತಿರುಗಿಸಿ ನೋಡಿದೆ. “ಆಡಾಕ ಒಪ್ಪಿದ್ರ್ಯಾ?” ಎಂದೆ.

“ಒಪ್ಪಿದ್ನಿರಿ. ಅಲ್ಲಿ ಬೀಜದ ಗೋದಾಮಿನ ಬಾಗಲಿಗೆ ಕುರ್ಚಿ ಹಾಕಿ ಕುಂದ್ರಸ್ತಾರಂತ. ನಾಳಿಂದ ದಿನಾ ಬೆಳಗಿನ ಗಾಡಿಗೆ ಹೋಗಿ ಸಂಜಿ ಗಾಡಿಗೆ ಬರ್ತೇನಿ. ಎಲುಬಿನ ಡಾಕ್ಟರ್ ಕಡೆನೂ ಕರಕೊಂಡು ಹೋದ್ರು. ಪಟ್ಟಿ ಕೊಟ್ಟಾರ, ನೋಡ್ರಿ.” ಪ್ಯಾಂಟು ಮಡಚಿ ಮೊಣಕಾಲಿನ ಪಟ್ಟಿ ತೋರಿಸಿದರು. ಹೊಸ ವಾಚು ತೋರಿಸಿದ ಹಾಗಿತ್ತು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, “ಅವರು ಬಂದು ಚಾಪಿ ಮ್ಯಾಲೆ ಕುಂತ್ರು. ಮೂರು ಸಲ ಚಹಾ ಕುಡದ್ರು. ಮನಿಯಾಕಿ ಮುಂದ ನಾ ಇಲ್ಲ ಅನ್ನಾಕ ಆಗಲಿಲ್ಲ,” ಎಂದರು.

ಬ್ಯಾಡಗಿ ತಂಡದ ಕಾರ್ಯದರ್ಶಿಯಾದ ನಾನು ರಾಣೆಬೆನ್ನೂರು ತಂಡದ ಅಂಗಿಯ ಬಗಲು ಬಿಚ್ಚಿ ಎರಡು ಇಂಚು ಸಡಿಲು ಮಾಡಿಕೊಟ್ಟೆ. ಹೊಲಿಗೆ ಓರೆಯಾಗದಂತೆ ನೋಡಿಕೊಂಡೆ.

ಫೆಬ್ರವರಿಯ ಆ ರವಿವಾರ ಬಂತು. ನಮ್ಮ ಅಂಕಣ ಇದ್ದದ್ದು ಮಾರುಕಟ್ಟೆಯ ಹಿಂದಿನ ಬಯಲಿನಲ್ಲಿ. ಮರುದಿನ ಸೋಮವಾರದ ಸಂತೆಗೆಂದು ಬೆಳಿಗ್ಗೆಯಿಂದ ಲಾರಿ, ಟ್ರ್ಯಾಕ್ಟರು ಸಾಲುಸಾಲಾಗಿ ಬಂದು ಚೀಲ ಇಳಿಸುತ್ತಿದ್ದವು. ಮಧ್ಯಾಹ್ನ ಮೂರಕ್ಕೆ ಗಾಳಿ ತಿರುಗಿ ಮಾರುಕಟ್ಟೆಯ ಕಡೆಯಿಂದ ಬೀಸತೊಡಗಿತು. ನಮಗೆ ಅದೇನೂ ಗೊತ್ತಾಗಲಿಲ್ಲ. ಬ್ಯಾಡಗಿಯವರ ಮೂಗಿಗೆ ಮೆಣಸಿನಕಾಯಿಯ ಘಾಟು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾವೇರಿಯಿಂದ ಬಂದ ರೆಫರಿ ಮಾತ್ರ ಜೇಬಿನಿಂದ ಕರವಸ್ತ್ರ ತೆಗೆದರು.

ಫೈನಲ್ ನಮಗೂ ರಾಣೆಬೆನ್ನೂರಿಗೂ. ಹಸಿರು ಅಂಗಿಯಲ್ಲಿ ಮಾಮಾ ತಮ್ಮ ಎಡಮೂಲೆಯಲ್ಲಿ ಬಸ್ಸಿಗೆ ಕಾಯುವವರಂತೆ ನಿಂತರು. ಹೆಸರಾದ ಆಟಗಾರ ಜೀಪಿನಿಂದ ಇಳಿದು, ತೊಡೆ ತಟ್ಟಿ, ನೆಲ ಮುಟ್ಟಿ ನಮಸ್ಕಾರ ಮಾಡಿ, ಮೊದಲ ರೇಡಿಗೆ ಹೋದ. ಜನ ಸೀಟಿ ಹೊಡೆದರು. “ಕಬಡ್ಡಿ ಕಬಡ್ಡಿ ಕಬಡ್ಡಿ ಕಬ...” ಎಂದವನು ತಟ್ಟನೆ ನಿಂತ. ಏನನ್ನೋ ನೆನಪು ಮಾಡಿಕೊಳ್ಳುವವನ ಹಾಗೆ ಮುಖ ಆಕಾಶಕ್ಕೆ ಎತ್ತಿದ. ಆಮೇಲೆ ಸೀನಿದ.

ಕಬಡ್ಡಿ ಎನ್ನುವ ಮಾತು ಎದುರಿನ ಅಂಕಣದಲ್ಲಿ ತುಂಡಾದರೆ ಔಟು. ರೆಫರಿ ಸೀಟಿ ಊದಿದರು. ಪಿ.ಟಿ. ಮಾಸ್ತರು ನಿಯಮದ ಪುಸ್ತಕ ಹಿಡಿದು ಒಳಗೆ ನುಗ್ಗಿದರು.

“ಉಸಿರು ಬಿಟ್ರ ಔಟ್ ಅಂತ ಐತ್ರಿ. ಇವ ಉಸಿರು ಬಿಟ್ಟಿಲ್ಲ. ಉಸಿರ ಇವನ್ನ ಬಿಟ್ಟೈತಿ.”

ರೆಫರಿ ಉತ್ತರ ಕೊಡಲು ಬಾಯಿ ತೆರೆದರು. ಒಂದಾದ ಮೇಲೆ ಒಂದರಂತೆ ಮೂರು ಸೀನು ಬಂದವು. ಕಣ್ಣೊರೆಸಿಕೊಂಡು, “ಔಟ್ ಅಂದ್ರ ಔಟ್ ರಿ ಮಾಸ್ತರ, ನನಗ ಮಾತಾಡಸಬ್ಯಾಡ್ರಿ” ಎಂದರು.

ಮುಂದಿನ ಅರ್ಧ ಗಂಟೆ ನಾನು ನೋಡಿದಂಥ ಕಬಡ್ಡಿಯನ್ನು ಬೇರೆ ಯಾರೂ ನೋಡಿರಲಿಕ್ಕಿಲ್ಲ. ರಾಣೆಬೆನ್ನೂರಿನವರು ಒಬ್ಬೊಬ್ಬರಾಗಿ ಬಂದು, ಸೀನಿ, ಔಟಾಗಿ ಹೋದರು. ಒಬ್ಬ ನಮ್ಮ ಮೂವರನ್ನು ಮುಟ್ಟಿ, ಗೆರೆ ಇನ್ನೊಂದು ಮಾರು ಇರುವಾಗ ಸೀನಿದ. ಆ ಲೆಕ್ಕದಲ್ಲಿ ನಾವು ಸುಲಭವಾಗಿ ಗೆಲ್ಲಬೇಕಿತ್ತು. ನಮ್ಮ ಐದು ಜನ ಊರಿನವರು. ಆದರೆ ಅಧ್ಯಕ್ಷರು ಹೆಸರಾದ ಆಟಗಾರನನ್ನೇ ಮತ್ತೆ ಮತ್ತೆ ರೇಡಿಗೆ ಕಳಿಸಿದರು.

“ಅವನ್ನ ಕುಂದ್ರಸ್ರಿ,” ಎಂದರು ಮಾಸ್ತರು.

“ಹಾವೇರಿತನಕ ಹೋಗಿ ತಂದೇವಿ, ಮಾಸ್ತರ.”

ಏಳು ಸಲ ಹೋದ. ಐದು ಸಲ ಸೀನಿದ. ಎರಡು ಸಲ ಸೀನು ತಡೆದುಕೊಂಡು ಮೂಗು ಹಿಡಿದು ತಿರುಗುವಷ್ಟರಲ್ಲಿ ಮಾಮಾ ಅವನ ಹಿಮ್ಮಡ ಹಿಡಿದರು. ಇಡೀ ಹಸಿರು ತಂಡದಲ್ಲಿ ಸೀನದೆ ನಿಂತಿದ್ದವರು ಅವರೊಬ್ಬರೇ. ಹದಿನೈದು ವರ್ಷ ಮೆಣಸಿನಕಾಯಿ ಹೊತ್ತ ಮೂಗಿಗೆ ಅದು ಬರಿಯ ಗಾಳಿ. ಏಳನೆಯ ರೇಡಿನ ಮೇಲೆ ಹೆಸರಾದ ಆಟಗಾರ ಒದ್ದೆ ಟಾವೆಲ್ಲು ಮುಖಕ್ಕೆ ಒತ್ತಿಕೊಂಡು ಹೋಗಿ ಜೀಪಿನಲ್ಲಿ ಗಾಜು ಏರಿಸಿ ಕೂತುಬಿಟ್ಟ. ಎಷ್ಟು ಕರೆದರೂ ಬರಲಿಲ್ಲ.

ಕೊನೆಯ ರೇಡು ನಮ್ಮದಿತ್ತು. ಒಂದು ಅಂಕ ಹಿಂದಿದ್ದೆವು. ರೇಡು ಮಾಡುವವರೆಲ್ಲ ಹೊರಗೆ. ಉಳಿದವನು ಅಗಡಿಯ ಹುಡುಗ. ಅವನ ಕಣ್ಣು, ಮೂಗು ನೀರಾಗಿದ್ದವು. ಆದರೂ ದನಿ ಎತ್ತಿ ಕಬಡ್ಡಿ ಎನ್ನುತ್ತ ಹೋದ, ಉದ್ದ ಕೈ ಚಾಚಿ ಒಬ್ಬನನ್ನು ಮುಟ್ಟಿದ, ತಿರುಗಿದ. ನಾನು ಕುರ್ಚಿಯಿಂದ ಎದ್ದು ನಿಂತೆ. ಆಗ ಮಾಮಾ ಬಗ್ಗಿದರು. ಹುಡುಗನ ಹಿಮ್ಮಡ ಎರಡು ಕೈಗಳ ನಡುವೆ ಸಿಕ್ಕಿತು. ಅವನ ಬೆರಳು ಗೆರೆಗೆ ಒಂದು ಗೇಣು ಈಚೆ ನಿಂತವು. ಮಾಮಾ ಅವನನ್ನು ದೊಪ್ಪೆಂದು ಕೆಡವಲಿಲ್ಲ. ಹೊಲಿಗೆ ಬಿಚ್ಚದಂತೆ ಚೀಲ ಇಳಿಸುವ ಹಾಗೆ ಮೆಲ್ಲಗೆ ನೆಲಕ್ಕಿಟ್ಟರು.

ನಾವು ನಮ್ಮೂರಿನಲ್ಲಿ ಸೋತಿದ್ದೆವು. ಸೋಲಿಸಿದವರು ನಮ್ಮೂರಿನವರು. ಮೊದಲು ಮಾರುಕಟ್ಟೆಯ ಗೋಡೆಯ ಮೇಲೆ ಕೂತಿದ್ದ ಹಮಾಲರು ಸೀಟಿ ಹೊಡೆದರು. ಆಮೇಲೆ ಎಲ್ಲರೂ ಹೊಡೆದರು. ನಾನೂ ಚಪ್ಪಾಳೆ ತಟ್ಟಿದೆ. ಪಕ್ಕಕ್ಕೆ ನೋಡಿದರೆ ಅಧ್ಯಕ್ಷರೂ ತಟ್ಟುತ್ತಿದ್ದರು, ಕೈ ಮಡಿಲಲ್ಲಿಟ್ಟುಕೊಂಡು, ಯಾರಿಗೂ ಕಾಣದಂತೆ.

ಹುಡುಗ ಎದ್ದು ಮಾಮಾನ ಹತ್ತಿರವೇ ನಿಂತಿದ್ದ. “ನಿಮಗ ನಾ ಆ ಕಡೆ ತಿರಗ್ತೇನಿ ಅಂತ ಹೆಂಗ ಗೊತ್ತಾತ್ರಿ?” ಎಂದ.

“ನೀ ನನ್ನ ಮಾರಿ ನೋಡಾಕತ್ತಿದ್ದಿ. ನಾ ನಿನ್ನ ಹಿಮ್ಮಡ ನೋಡಾಕತ್ತಿದ್ನಿ. ಹಿಮ್ಮಡ ಸುಳ್ಳ ಹೇಳೂದಿಲ್ಲ,” ಎಂದರು ಮಾಮಾ. ಬಹುಮಾನ ತೆಗೆದುಕೊಳ್ಳಲು ಮೈಕಿನಲ್ಲಿ ಕರೆಯುತ್ತಿದ್ದರೂ ಹೋಗದೆ, ಅಲ್ಲೇ ಕುಕ್ಕರಗಾಲಲ್ಲಿ ಕೂತು ಹುಡುಗನಿಗೆ ಕೈ ಎಲ್ಲಿಡಬೇಕು ಎಂದು ತೋರಿಸಿದರು. ಬೀಜದ ಅಂಗಡಿಯವರು ನಾನು ಹೊಲಿದ ಸಫಾರಿಯಲ್ಲಿ ಒಬ್ಬರೇ ನಿಂತು ಕಪ್ಪು ತೆಗೆದುಕೊಂಡರು. ಫೋಟೋದಲ್ಲಿ ಮಾಮಾನ ಬೆನ್ನು ಮಾತ್ರ ಬಂದಿದೆ.

ಮರುದಿನ ಸೋಮವಾರ, ಸಂತೆಯ ದಿನ. ಹನ್ನೊಂದು ಗಂಟೆಗೆ ಅಧ್ಯಕ್ಷರು ಅಂಗಡಿಯನ್ನು ಗುಮಾಸ್ತರ ಕೈಗೆ ಬಿಟ್ಟು ನನ್ನ ಬಾಗಿಲಿಗೆ ಬಂದರು. “ನಡಿ,” ಎಂದರು. ನಾನು ಕೊರಳಿನ ಟೇಪು ತೆಗೆದಿಟ್ಟು ಹೊರಟೆ.

ಆ ದಿನ ರಾಣೆಬೆನ್ನೂರಿನವರು ಮಾಮಾಗೆ ರಜೆ ಕೊಟ್ಟಿದ್ದರು. ಅಧ್ಯಕ್ಷರು ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತರು. ಕೈಗೆ ಏನಾದರೂ ಕೆಲಸ ಬೇಕಲ್ಲ, ಅಧ್ಯಕ್ಷರು ಮುಂದಿದ್ದ ರಾಶಿಯಿಂದ ಒಂದು ಮೆಣಸಿನಕಾಯಿ ಎತ್ತಿ ತೊಟ್ಟು ಬಿಡಿಸಿದರು. ಇನ್ನೊಂದು ಎತ್ತಿದರು. ಭಾಭಿ ಸ್ವಲ್ಪ ಹೊತ್ತು ನೋಡಿದರು.

“ಹಂಗ ಜಗ್ಗಿದ್ರ ಕಾಯಿ ಮುರೀತಾವ್ರಿ. ಹಿಂಗ ತಿರುವಿ ಬಿಡಸ್ರಿ.”

ಮೂವತ್ತು ವರ್ಷ ಮೆಣಸಿನಕಾಯಿ ಮಾರಿದ ಮನುಷ್ಯರು ಮೊದಲ ಸಲ ತೊಟ್ಟು ಬಿಡಿಸುವುದನ್ನು ಕಲಿತರು. ಅರ್ಧ ತಾಸು ಬಿಡಿಸಿದರು. ಚಹಾ ಕುಡಿದರು. ಆಮೇಲೆ ತಲೆ ಎತ್ತದೆ ಹೇಳಿದರು, “ನಮ್ಮ ತಂಡಕ್ಕ ಆಡಪಾ. ಮೊದಲ ಬರಬೇಕಿತ್ತು. ನನಗ ತಿಳೀಲಿಲ್ಲ.”

ಮಾಮಾ ಹೆಂಡತಿಯ ಕಡೆ ನೋಡಿದರು.

“ಈ ವರ್ಷ ರಾಣೆಬೆನ್ನೂರವರಿಗೆ ಮಾತು ಕೊಟ್ಟೇವ್ರಿ,” ಎಂದರು ಭಾಭಿ. “ಮುಂದಿನ ವರ್ಷ ನಿಮ್ಮ ಕಡೆನ. ನೀವು ಮತ್ತೊಮ್ಮೆ ಬರೂದು ಬ್ಯಾಡ, ಈಗ ಬಂದದ್ದ ಸಾಕು.”

ಹಾಗೆಯೇ ಆಯಿತು. ಮಾಮಾ ಆ ವರ್ಷ ರಾಣೆಬೆನ್ನೂರಿಗೆ ಒಂದು ಪಂದ್ಯವನ್ನೂ ತಪ್ಪಿಸದೆ ಆಡಿದರು. ಮರುವರ್ಷ ನಮ್ಮಲ್ಲಿಗೆ ಬಂದರು. ಎಡಮೂಲೆಯನ್ನು ಅಗಡಿಯ ಹುಡುಗನಿಗೆ ಕೊಟ್ಟು ತಾವೇ ಬಲಮೂಲೆಗೆ ಸರಿದರು. ಹುಡುಗನ ಪರೀಕ್ಷೆ ಮುಗಿದಿತ್ತು, ಕೈಕಾಲು ಹಾಗೆಯೇ ಇದ್ದವು. ಅಂಗಡಿಯಲ್ಲಿ ಮಾಮಾ ತೂಕಕ್ಕೆ ನಿಂತರು.

ಆ ಸಲ ಐರಣಿಯಲ್ಲಿ ಫೈನಲ್ ತಲುಪಿದೆವು. ಎದುರಿಗೆ ಬಂದದ್ದು ಹೆಸರಾದ ಆಟಗಾರ, ಈಗ ಮತ್ಯಾವುದೋ ಊರಿನ ತಂಡದಲ್ಲಿ. ಅಧ್ಯಕ್ಷರಿಗೆ ಖುಷಿಯೋ ಖುಷಿ. “ಸೀನಲಿ ಈಗ,” ಎಂದರು. ಹೊಳೆಯ ಕಡೆಯಿಂದ ತಣ್ಣನೆಯ, ಸ್ವಚ್ಛ ಗಾಳಿ ಬೀಸುತ್ತಿತ್ತು. ಅವನು ಒಮ್ಮೆಯೂ ಸೀನಲಿಲ್ಲ. ಖರೇ ಹೇಳಬೇಕೆಂದರೆ ಅಂಥ ಆಟ ನಾನು ಕಂಡಿರಲಿಲ್ಲ. ಒಂದೇ ರೇಡಿನಲ್ಲಿ ನಮ್ಮ ನಾಲ್ವರನ್ನು ಮುಟ್ಟಿ, ಮಾಮಾನ ಕೈಯ ಮೇಲಿಂದ ಹಾರಿ ಗೆರೆ ದಾಟಿದ. ನಾವು ಹೀನಾಯವಾಗಿ ಸೋತೆವು. ಮಾಮಾ ಮಣ್ಣು ಒರೆಸಿಕೊಳ್ಳುತ್ತ ಬಂದು, “ಚಲೋ ಆಟಗಾರ ಅದಾನ್ರಿ. ನಾವು ಸುಮ್ನ ಬೈದ್ವಿ,” ಎಂದರು.

ಮುಂದಿನ ಕಮಿಟಿ ಸೇರುವ ಮೊದಲು ಅಧ್ಯಕ್ಷರು ನನಗೆ ಹೇಳಿದರು, “ಆಟಗಾರರ ಜೋಡಿ ಮಾತಾಡೂ ಕೆಲಸ ನಮ್ಮ ಮೂರೂ ಮಂದಿ ಕೈಲೇ ಆಗೂದಿಲ್ಲ. ನಿಮ್ಮ ಭಾಭಿ ಬರ್ತಾರೇನು ಕೇಳು.” ಭಾಭಿ ಬಂದರು. ಅವರ ಎದುರು ಆ ದಿನ ಮೊದಲು ಕೂತದ್ದು ಹಾವೇರಿಯ ಒಬ್ಬ ತರುಣ. ಒಳ್ಳೆಯ ಆಟಗಾರ, ಬಲು ಬಿಂಕ. ಪಂದ್ಯದ ಹಿಂದಿನ ದಿನವೇ ಲಾಡ್ಜಿನಲ್ಲಿ ಬೇರೆ ರೂಮು ಬೇಕು ಎಂದ. ಅಧ್ಯಕ್ಷರು ಅಭ್ಯಾಸಬಲದಿಂದ ಹೂಂ ಎನ್ನಲು ಹೊರಟಿದ್ದರು.

“ಯಾಕಪಾ, ಮನಿಯಾಗ ಏನರ ತ್ರಾಸ ಐತ್ಯಾ?” ಎಂದು ಕೇಳಿದರು ಭಾಭಿ, ನಿಜವಾದ ಕಾಳಜಿಯಿಂದ. “ಅವ್ವ-ಅಪ್ಪನ ಜೋಡಿ ಮಾತು ಬಿಟ್ಟೀಯೇನು?”

ಆ ತರುಣ ಅಧ್ಯಕ್ಷರ ಕಡೆ, ಮಾಸ್ತರ ಕಡೆ, ನನ್ನ ಕಡೆ ನೋಡಿದ. ನಾವು ಯಾರೂ ಅವನ ಸಹಾಯಕ್ಕೆ ಹೋಗಲಿಲ್ಲ.

“ಇಲ್ರಿ,” ಎಂದ. “ಬೆಳಗಿನ ಗಾಡಿಗೇ ಬರ್ತೇನಿ ಬಿಡ್ರಿ.”